ಕೋಡ್‌ಗೆ 2099ರವರೆಗೆ ಆಯಸ್ಸು, ಗೇಮ್‌ಗೆ 2024ರವರೆಗೆ

2026ರ ಜನವರಿಯಲ್ಲಿ ಗೇಮ್ ಆಡುವವರ ನಡುವೆ ಎರಡು ಸುದ್ದಿ ಓಡಾಡಿದವು. ಒಂದು, ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 'ಆಂಥಮ್' ಗೇಮಿನ ಸರ್ವರ್‌ಗಳನ್ನು ಜನವರಿ 12ಕ್ಕೆ ನಿಲ್ಲಿಸಿತು. 2019ರಲ್ಲಿ ಪೂರ್ತಿ ದುಡ್ಡು ಕೊಟ್ಟು ತೆಗೆದುಕೊಂಡವರಿಗೂ ಈಗ ಅದು ಆಡಲು ಸಿಗುವುದಿಲ್ಲ. ಇನ್ನೊಂದು, ಹೀಗೆ ಗೇಮ್‌ಗಳನ್ನು ಸಾಯಿಸುವುದಕ್ಕೆ ಕಾನೂನಿನ ತಡೆ ಬೇಕು ಎಂದು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯಲ್ಲಿ ಯುರೋಪಿನ ಜನ ಹಾಕಿದ ಸಹಿಗಳು ಪರಿಶೀಲನೆ ಮುಗಿಸಿಕೊಂಡು ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಕೈ ಸೇರಿದವು. ಸರಿ ಎಂದು ಉಳಿದ ಸಹಿಗಳೇ ಸುಮಾರು 13 ಲಕ್ಷ.

ಈ ಎರಡನೇ ಸುದ್ದಿ ಓದಿದ ಬಹಳ ಜನಕ್ಕೆ ತಲೆಬುಡ ಅರ್ಥವಾಗಲಿಲ್ಲ. ಹಳೇ ಗೇಮ್‌ಗೆ ಎಷ್ಟು ವರ್ಷ ಅಂತ ಸರ್ವರ್ ನಡೆಸೋದು, ಕಂಪನಿಯವರು ಏನು ಧರ್ಮಛತ್ರ ಇಟ್ಟಿದ್ದಾರಾ ಎಂದು ಕೇಳಿದವರಿದ್ದಾರೆ. ಡಿಸ್ಕ್ ನನ್ನ ಹತ್ತಿರವೇ ಇದೆ, ಅದು ಹೇಗೆ ನಿಂತುಹೋಗುತ್ತದೆ ಎಂದು ಕೇಳಿದವರೂ ಇದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೊದಲನೆಯದು, ಚಳವಳಿಯವರು ಕೇಳದೇ ಇರುವುದನ್ನು ಕೇಳಿದ್ದಾರೆ ಅಂದುಕೊಂಡು ಹುಟ್ಟಿದ ಪ್ರಶ್ನೆ. ಗೊಂದಲ ಶುರುವಾಗುವುದೇ ಅಲ್ಲಿ.

ಡಿಸ್ಕ್ ಇದ್ದರೂ ಗೇಮ್ ಯಾಕೆ ಓಡುವುದಿಲ್ಲ?

ಹಿಂದೆ ಗೇಮ್‌ಗೆ ಬೇಕಾದದ್ದೆಲ್ಲ ಡಿಸ್ಕ್ ಅಥವಾ ಕಾರ್ಟ್ರಿಜ್ ಒಳಗೇ ಇರುತ್ತಿತ್ತು. ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಹೋದರೂ ಗೇಮ್ ಪಾಡಿಗೆ ಗೇಮ್ ಓಡುತ್ತಿತ್ತು. ಸದಾ ಆನ್‌ಲೈನ್ ಇರಲೇಬೇಕಾದ ಈಗಿನ ಗೇಮ್‌ಗಳು ಹಾಗಲ್ಲ. ಅವುಗಳ ಅರ್ಧ ನಿಮ್ಮ ಮೆಷೀನಿನಲ್ಲಿರುತ್ತದೆ, ಇನ್ನರ್ಧ ಕಂಪನಿಯ ಸರ್ವರಿನಲ್ಲಿ.

ನೀವು ಗೇಮ್ ತೆರೆದ ಕೂಡಲೇ ಅದು ಸರ್ವರನ್ನು ಹುಡುಕಿಕೊಂಡು ಹೋಗುತ್ತದೆ. ಈ ಖಾತೆ ಯಾರದು, ದುಡ್ಡು ಕೊಟ್ಟಿದ್ದಾರಾ, ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದರು, ಗ್ಯಾರೇಜಿನಲ್ಲಿ ಯಾವ ಯಾವ ಕಾರಿದೆ, ಪರ್ಸಿನಲ್ಲಿ ಎಷ್ಟು ನಾಣ್ಯ ಇದೆ? ಎಲ್ಲಕ್ಕೂ ಉತ್ತರ ಅಲ್ಲಿಂದಲೇ ಬರಬೇಕು. ಉತ್ತರ ಬಾರದಿದ್ದರೆ ಮೆನು ಕೂಡ ಕಾಣುವುದಿಲ್ಲ, ಸಂಪರ್ಕ ಸಿಗುತ್ತಿಲ್ಲ ಎಂಬ ಸಾಲಿನ ಮುಂದೆ ಕೂತಿರಬೇಕು. ಡಿಸ್ಕ್‌ನಲ್ಲಿರುವ ರಸ್ತೆ, ಕಟ್ಟಡ, ಕಾರು, ಸಂಗೀತ ಯಾವುದೂ ಎಲ್ಲೂ ಹೋಗಿಲ್ಲ. ಬೀಗದ ಕೈ ಮಾತ್ರ ಬೇರೆಯವರ ಹತ್ತಿರ ಇದೆ.

ಹೀಗೆ ಕಟ್ಟುವುದಕ್ಕೆ ಕಂಪನಿಗಳಿಗೆ ಕಾರಣಗಳಿವೆ. ಹತ್ತಾರು ಜನ ಒಟ್ಟಿಗೆ ಆಡುವ ಗೇಮ್‌ಗೆ ಸರ್ವರ್ ಬೇಕೇ ಬೇಕು. ಕಳ್ಳ ಪ್ರತಿ ಮಾಡುವುದು ಕಷ್ಟವಾಗುತ್ತದೆ, ಮೋಸ ಮಾಡಿ ಗೆಲ್ಲುವವರನ್ನು ಹಿಡಿಯುವುದು ಸುಲಭವಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಗೇಮ್ ಒಳಗಿನ ಅಂಗಡಿ. ನಾಣ್ಯದ ಲೆಕ್ಕ ಆಟಗಾರನ ಮೆಷೀನಿನಲ್ಲೇ ಇದ್ದರೆ ಯಾರಾದರೂ ಫೈಲ್ ತಿದ್ದಿ ಲಕ್ಷ ನಾಣ್ಯ ಮಾಡಿಕೊಳ್ಳಬಹುದು. ಆಗ ಅಸಲಿ ದುಡ್ಡು ಕೊಟ್ಟು ನಾಣ್ಯ ಕೊಳ್ಳುವವರು ಯಾರು? ಹಾಗಾಗಿ ಲೆಕ್ಕದ ಪುಸ್ತಕ ಸರ್ವರಿಗೆ ಹೋಯಿತು. ಅದರ ಹಿಂದೆಯೇ, ಒಬ್ಬರೇ ಕೂತು ಆಡುವ ಭಾಗವೂ ಹೋಯಿತು. ಜಗಳ ಹುಟ್ಟಿದ್ದು ಈ ಎರಡನೆಯದಕ್ಕೆ.

ಬೆಂಕಿ ಹತ್ತಿಕೊಂಡಿದ್ದು ಒಂದು ಕಾರ್ ಗೇಮಿನಿಂದ

ಯೂಬಿಸಾಫ್ಟ್ ಕಂಪನಿಯ 'ದಿ ಕ್ರೂ' 2014ರ ಡಿಸೆಂಬರಿನಲ್ಲಿ ಬಂತು. ಇಡೀ ಅಮೆರಿಕವನ್ನು ಕುಗ್ಗಿಸಿ ಮಾಡಿದ ನಕಾಶೆ. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಒಬ್ಬರೇ ಆಡುವಂಥ ಕಥೆಯೂ ಇತ್ತು, ಆದರೆ ಅದಕ್ಕೂ ಇಂಟರ್ನೆಟ್ ಬೇಕಿತ್ತು. 2023ರ ಡಿಸೆಂಬರಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಆಯಿತು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನ ಬೈದು ಜನ ಸುಮ್ಮನಾಗುತ್ತಿದ್ದರೋ ಏನೋ. ಆದರೆ ಕೆಲವೇ ದಿನಗಳಲ್ಲಿ, ಗೇಮ್ ಕೊಂಡಿದ್ದವರ ಖಾತೆಗಳಿಂದ ಅದರ ಲೈಸೆನ್ಸನ್ನೇ ಕಂಪನಿ ವಾಪಸ್ ತೆಗೆದುಕೊಂಡಿತು. ಸತ್ತ ಗೇಮ್ ಅಂತಲೇ ಇಟ್ಟುಕೊಳ್ಳೋಣ, ಖಾತೆಯ ಗೇಮ್ ಪಟ್ಟಿಯಲ್ಲಿ ಅದರ ಹೆಸರಾದರೂ ಇರುತ್ತಿತ್ತು, ಅದಕ್ಕೂ ಕತ್ತರಿ ಬಿತ್ತು. ಅಭಿಮಾನಿಗಳು ತಾವೇ ಸರ್ವರ್ ಕಟ್ಟಿಕೊಳ್ಳೋಣ ಎಂದು ಹೊರಟರೆ ಬೇಕಾಗುವ ಫೈಲ್‌ಗಳ ದಾರಿಯೂ ಅಲ್ಲಿಗೆ ಮುಚ್ಚಿತು.

ಸಮಯವೂ ಕೆಟ್ಟದಿತ್ತು. ಅದೇ 2024ರ ಜನವರಿಯಲ್ಲಿ ಯೂಬಿಸಾಫ್ಟ್‌ನ ಸಬ್‌ಸ್ಕ್ರಿಪ್ಷನ್ ವಿಭಾಗದ ಮುಖ್ಯಸ್ಥ ಫಿಲಿಪ್ ಟ್ರೆಂಬ್ಲೆ ಒಂದು ಸಂದರ್ಶನ ಕೊಟ್ಟಿದ್ದರು. ಡಿವಿಡಿಯ ಹಾಗೆ ಗೇಮನ್ನೂ ಸ್ವಂತಕ್ಕೆ ಇಟ್ಟುಕೊಳ್ಳುವ ಅಭ್ಯಾಸ ಜನರಿಗಿದೆ, ಅದು ಬದಲಾಗಬೇಕು ಎಂಬುದು ಅವರ ಮಾತಿನ ಸಾರ. ಅವರು ಹೇಳಿದ್ದು ಸಬ್‌ಸ್ಕ್ರಿಪ್ಷನ್ ಬೆಳೆಯಲು ಏನಾಗಬೇಕು ಎಂಬ ಲೆಕ್ಕದಲ್ಲಿ. ಆದರೆ ಎರಡೇ ತಿಂಗಳಿಗೆ ದಿ ಕ್ರೂ ಮಾಯವಾದಾಗ, ಜನ ಆ ಮಾತನ್ನು ತೆಗೆದು ಇದರ ಪಕ್ಕ ಇಟ್ಟು ನೋಡಿದರು. ಸಿಟ್ಟು ನೆತ್ತಿಗೇರಲು ಅಷ್ಟು ಸಾಕಾಯಿತು.

2024ರ ಏಪ್ರಿಲ್‌ನಲ್ಲಿ ಯೂಟ್ಯೂಬಿನಲ್ಲಿ ವಿಡಿಯೋ ಮಾಡುವ ರಾಸ್ ಸ್ಕಾಟ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಶುರು ಮಾಡಿದರು. ಯುರೋಪಿನಲ್ಲಿ ಸಹಿ ಸಂಗ್ರಹ ಜುಲೈ 31ಕ್ಕೆ ಆರಂಭವಾಯಿತು. ಒಂದು ವರ್ಷದಲ್ಲಿ ಹತ್ತು ಲಕ್ಷ ಸಹಿ ಬೇಕು, ಜೊತೆಗೆ ಕನಿಷ್ಠ 7 ದೇಶಗಳಲ್ಲಿ ಅಲ್ಲಲ್ಲಿನ ಮಿತಿ ದಾಟಬೇಕು. 2025ರ ಜೂನ್ 20 ದಾಟಿದರೂ ಅರ್ಧ ದಾರಿ ಕೂಡ ಆಗಿರಲಿಲ್ಲ. ಸ್ಕಾಟ್ ಸೋಲು ಒಪ್ಪಿಕೊಳ್ಳುವ ದನಿಯಲ್ಲೇ ಒಂದು ವಿಡಿಯೋ ಹಾಕಿದರು. ಅದನ್ನು ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ದೊಡ್ಡ ದೊಡ್ಡ ಸ್ಟ್ರೀಮರ್‌ಗಳು ಎತ್ತಿಕೊಂಡರು, ಜುಲೈ 3ಕ್ಕೆ ಹತ್ತು ಲಕ್ಷ ದಾಟಿತು. ವರ್ಷದಲ್ಲಿ ಆಗದ ಕೆಲಸ ಕೊನೆಯ ಹತ್ತು ಹನ್ನೆರಡು ದಿನದಲ್ಲಿ ಆಯಿತು!

'ಕೊಳ್ಳಿ' ಎಂಬ ಬಟನ್

ಇಡೀ ಜಗಳ ಈ ಒಂದು ಬಟನ್‌ಗೆ ಬಂದು ನಿಲ್ಲುತ್ತದೆ. ಅಂಗಡಿಯ ಪುಟದಲ್ಲಿ 'ಕೊಳ್ಳಿ' ಎಂದಿರುತ್ತದೆ. ಒತ್ತಿದ ಮೇಲೆ ಒಪ್ಪಿಗೆ ಕೊಡುವ ಉದ್ದನೆಯ ಒಪ್ಪಂದದಲ್ಲಿ, ನಿಮಗೆ ಸಿಕ್ಕಿದ್ದು ಆಡುವ ಲೈಸೆನ್ಸ್ ಮಾತ್ರ, ಅದನ್ನು ನಾವು ಯಾವಾಗ ಬೇಕಾದರೂ ಮುಗಿಸಬಹುದು ಎಂದಿರುತ್ತದೆ. ಹಾಗಂತ ಲೈಸೆನ್ಸ್ ಎಂಬುದು ಹೊಸ ಕುತಂತ್ರವೇನಲ್ಲ. ಹಳೇ ಡಿಸ್ಕ್ ಒಳಗಿದ್ದ ಗೇಮ್ ಕೂಡ ಒಪ್ಪಂದದ ಲೆಕ್ಕದಲ್ಲಿ ಲೈಸೆನ್ಸೇ. ಆಗ ಅದನ್ನು ದೂರದಿಂದ ಕಿತ್ತುಕೊಳ್ಳುವ ದಾರಿ ಇರಲಿಲ್ಲ, ಈಗ ಇದೆ. ಕಾಗದದ ಮೇಲಿದ್ದ ಅಧಿಕಾರಕ್ಕೆ ಈಗ ಕೈಕಾಲು ಬಂದಿವೆ, ಅಷ್ಟೇ.

ಕೋರ್ಟುಗಳಲ್ಲೂ ಒಂದೇ ಮಾತು ಇಲ್ಲ. 2012ರಲ್ಲಿ ಯುರೋಪಿನ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಕೇಸಿನಲ್ಲಿ, ಕಾಲಮಿತಿ ಇಲ್ಲದ ಲೈಸೆನ್ಸ್ ಕೊಟ್ಟು ದುಡ್ಡು ತೆಗೆದುಕೊಂಡರೆ ಅದು ಮಾರಾಟವೇ, ಕೊಂಡವನು ಅದನ್ನು ಮತ್ತೆ ಮಾರಬಹುದು ಎಂದಿತು. ಹತ್ತು ವರ್ಷದ ನಂತರ ಪ್ಯಾರಿಸ್‌ನ ಮೇಲ್ಮನವಿ ನ್ಯಾಯಾಲಯ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯ ಕೇಸಿನಲ್ಲಿ, ವಿಡಿಯೋ ಗೇಮ್ ಬರೀ ಸಾಫ್ಟ್‌ವೇರ್ ಅಲ್ಲ, ಆ ನಿಯಮ ಇಲ್ಲಿಗೆ ಹೊಂದುವುದಿಲ್ಲ ಎಂದಿತು. ಅಂದರೆ ಗೇಮ್ ಕೊಂಡವನ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬ ಗೆರೆ ಗಟ್ಟಿಯಾಗಿ ಬಿದ್ದಿಲ್ಲ. ಆ ಸಂದಿನಲ್ಲೇ ಈ ವ್ಯಾಪಾರ ನಡೆಯುತ್ತಿದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2025ರ ಜನವರಿ 1ರಿಂದ ಅಲ್ಲಿ ಹೊಸ ನಿಯಮ ಇದೆ: ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂಬ ಪದ ಬಳಸಬೇಕಾದರೆ, ಇದು ಬರೀ ಲೈಸೆನ್ಸ್ ಎಂದು ಕಾಣುವ ಹಾಗೆ ಹೇಳಬೇಕು. ಅದಕ್ಕೂ ಮೊದಲೇ, 2024ರ ಅಕ್ಟೋಬರಿನಲ್ಲಿ, ಸ್ಟೀಮ್ ಅಂಗಡಿ ದುಡ್ಡು ಕಟ್ಟುವ ಜಾಗದಲ್ಲಿ ಇಂಥದೊಂದು ಸಾಲು ಸೇರಿಸಿತು. ಜನರಿಗೆ ಸತ್ಯ ಗೊತ್ತಾಯಿತು, ನಿಜ. ಅದರಿಂದ ಒಂದು ಗೇಮ್ ಕೂಡ ಬದುಕಲಿಲ್ಲ.

ದಿ ಕ್ರೂ ವಿಷಯ ಕ್ಯಾಲಿಫೋರ್ನಿಯಾದ ಕೋರ್ಟಿಗೂ ಹೋಯಿತು. 2024ರ ನವೆಂಬರಿನಲ್ಲಿ ಇಬ್ಬರು ಆಟಗಾರರು ಯೂಬಿಸಾಫ್ಟ್ ಮೇಲೆ ಕೇಸು ಹಾಕಿದರು. ಕಂಪನಿ ತನ್ನ ಪರವಾಗಿ ಗೇಮಿನ ಡಬ್ಬಿಯನ್ನೇ ತೋರಿಸಿತು: ನೋಡಿ, 30 ದಿನ ಮುಂಚೆ ತಿಳಿಸಿ ಆನ್‌ಲೈನ್ ಸೌಲಭ್ಯ ನಿಲ್ಲಿಸಬಹುದು ಎಂದು ಇಲ್ಲೇ ಅಚ್ಚಾಗಿದೆ. ಆಟಗಾರರೂ ಅದೇ ಡಬ್ಬಿಗೆ ಕೈ ಹಾಕಿದರು. ಅದರೊಳಗಿನ, ಗೇಮ್ ಚಾಲೂ ಮಾಡುವ ಆ್ಯಕ್ಟಿವೇಶನ್ ಕೋಡ್ 2099ರವರೆಗೆ ನಡೆಯುತ್ತದೆ ಎಂದು ಬರೆದಿತ್ತು! ಆ ಕೋಡ್‌ಗೆ ಇನ್ನೂ 75 ವರ್ಷ ಆಯಸ್ಸು ಬಾಕಿ ಇರುವಾಗ ಗೇಮ್ 2024ರಲ್ಲಿ ಸತ್ತಿತ್ತು. ಒಂದೇ ಡಬ್ಬಿಯ ಮೇಲೆ ಎರಡು ಮಾತು. ಕೊಳ್ಳುವಾಗ ಸಾಮಾನ್ಯ ಗಿರಾಕಿ ಯಾವುದನ್ನು ನಂಬಬೇಕಿತ್ತು?

ಕೇಳುತ್ತಿರುವುದು ಏನು, ಕೇಳದೇ ಇರುವುದು ಏನು

ಸರ್ವರ್‌ಗಳನ್ನು ಕೊನೆವರೆಗೂ ನಡೆಸಿ ಎಂದು ಯಾರೂ ಕೇಳಿಲ್ಲ. ಯುರೋಪಿನ ಮನವಿಯಲ್ಲೇ ಇದು ಬಿಡಿಸಿ ಬರೆದಿದೆ. ಗೇಮಿನ ಮಾಲೀಕತ್ವ ಬೇಡ, ಹಕ್ಕುಸ್ವಾಮ್ಯ ಬೇಡ, ಅದರಿಂದ ದುಡ್ಡು ಮಾಡುವ ಹಕ್ಕೂ ಬೇಡ. ಗೇಮ್ ನಿಲ್ಲಿಸಿದ ಮೇಲೆ ಕಂಪನಿ ಅದಕ್ಕೆ ಇನ್ನಷ್ಟು ಖರ್ಚು ಮಾಡುತ್ತಾ ಇರಬೇಕಿಲ್ಲ. ಆದರೆ ಬಾಗಿಲು ಹಾಕುವ ಮೊದಲು, ಕಂಪನಿಯ ಸಹಾಯ ಇಲ್ಲದೆಯೂ ಗೇಮ್ ಒಂದು ಮಟ್ಟಿಗೆ ಆಡುವ ಹಾಗೆ ಬಿಟ್ಟು ಹೋಗಬೇಕು. ಅದು ಇಂಟರ್ನೆಟ್ ಇಲ್ಲದೆ ಆಡುವ ಹಾಗೆ ಗೇಮ್ ತಿದ್ದುವ ಆಫ್‌ಲೈನ್ ಪ್ಯಾಚ್ ಆಗಬಹುದು, ಆಟಗಾರರೇ ನಡೆಸಿಕೊಳ್ಳುವ ಸರ್ವರ್ ಫೈಲ್ ಆಗಬಹುದು.

ಇದು ಆಗದ ಮಾತೇನಲ್ಲ, ಆಗಿದೆ. 'ನಾಕೌಟ್ ಸಿಟಿ' 2023ರಲ್ಲಿ ಬಾಗಿಲು ಹಾಕಿದಾಗ, ಅದನ್ನು ಮಾಡಿದ ವೆಲಾನ್ ಸ್ಟುಡಿಯೋಸ್ ಆಟಗಾರರೇ ಸರ್ವರ್ ನಡೆಸಿಕೊಳ್ಳುವಂಥ ಪಿಸಿ ಆವೃತ್ತಿ ಕೊಟ್ಟು ಹೋಯಿತು. 'ರೆಡ್‌ಫಾಲ್' ಮಾಡಿದ ಸ್ಟುಡಿಯೋವನ್ನೇ ಮುಚ್ಚಿದರು, ಆದರೂ 2024ರಲ್ಲಿ ಆಫ್‌ಲೈನ್ ಪ್ಯಾಚ್ ಬಂತು. ಮಜಾ ಏನೆಂದರೆ, ಯೂಬಿಸಾಫ್ಟ್ ಕೂಡ ಇಷ್ಟು ಬೈಗುಳ ತಿಂದ ಮೇಲೆ 2025ರಲ್ಲಿ 'ದಿ ಕ್ರೂ 2'ಗೆ ಆಫ್‌ಲೈನ್‌ನಲ್ಲಿ ಆಡುವ ದಾರಿ ಮಾಡಿಕೊಟ್ಟಿತು. ಮೊದಲನೇ ಗೇಮ್‌ಗೆ ಆಗದ್ದು ಎರಡನೆಯದಕ್ಕೆ ಹೇಗೆ ಆಯಿತು ಎಂಬ ಪ್ರಶ್ನೆ ಏಳುತ್ತದೆ ಅಲ್ವಾ.

ಆಟಗಾರರ ಕಡೆಯೂ ಎಲ್ಲ ಸರಿ ಇದೆ ಎಂದಲ್ಲ. ಮಾರಾಟದಿಂದ ತೆಗೆಯುವುದನ್ನೂ ಸರ್ವರ್ ನಿಲ್ಲಿಸುವುದನ್ನೂ ಒಂದೇ ಎಂದು ತಿಳಿದು ಕೂಗಾಡುವವರು ಬಹಳ. 'ಫೋರ್ಜಾ ಹೊರೈಜನ್ 4' 2024ರ ಡಿಸೆಂಬರಿನಲ್ಲಿ ಅಂಗಡಿಯಿಂದ ಹೋಯಿತು. ಒಳಗಿನ ಸರಕಿನ ಲೈಸೆನ್ಸ್ ಅವಧಿ ಮುಗಿದಿತ್ತು. ಆದರೆ ಮೊದಲೇ ಕೊಂಡವರು ಆಡಬಹುದು. ಅದು ಗೇಮ್ ಸಾಯಿಸಿದ ಹಾಗಲ್ಲ. ಇಂಥದ್ದಕ್ಕೂ ಕಳ್ಳತನ ಎಂದು ಕಿರುಚಿದರೆ, ನಿಜವಾದ ದೂರಿನ ತೂಕವೇ ಕಡಿಮೆಯಾಗುತ್ತದೆ.

ಕಂಪನಿಗಳ ಮಾತಿನಲ್ಲಿ ಎಷ್ಟು ಹುರುಳಿದೆ?

ಯುರೋಪಿನ ಗೇಮ್ ಕಂಪನಿಗಳ ಸಂಘ ವಿಡಿಯೋ ಗೇಮ್ಸ್ ಯುರೋಪ್ 2025ರ ಜುಲೈನಲ್ಲಿ ಉತ್ತರ ಕೊಟ್ಟಿತು. ವ್ಯಾಪಾರ ಗಿಟ್ಟದಿದ್ದಾಗ ಆನ್‌ಲೈನ್ ಸೇವೆ ನಿಲ್ಲಿಸುವ ಸ್ವಾತಂತ್ರ್ಯ ಕಂಪನಿಗೆ ಇರಬೇಕು. ಆಟಗಾರರ ಕೈಗೆ ಸರ್ವರ್ ಕೊಟ್ಟರೆ ಅವರ ಮಾಹಿತಿಗೆ ಕಾವಲು ಇರುವುದಿಲ್ಲ, ಕೆಟ್ಟ ಸಂಗತಿ ಹರಿದಾಡಿದರೆ ತಡೆಯುವವರಿಲ್ಲ, ಕೊನೆಗೆ ಹೊಣೆ ಹಕ್ಕುದಾರರ ಮೇಲೆ ಬರಬಹುದು. ಎಷ್ಟೋ ಗೇಮ್‌ಗಳನ್ನು ಬುಡದಿಂದಲೇ ಆನ್‌ಲೈನ್‌ಗೆಂದು ಕಟ್ಟಿರುತ್ತಾರೆ, ಹೀಗೆಲ್ಲ ಷರತ್ತು ಹಾಕಿದರೆ ಖರ್ಚು ಕೈಮೀರುತ್ತದೆ. ಸಂಘದ ವಾದ ಹೆಚ್ಚುಕಡಿಮೆ ಇಷ್ಟು.

ಇದರಲ್ಲಿ ಹೊಣೆಯ ವಾದ ತೆಳುವಾಗಿದೆ. ಸರ್ವರ್ ಫೈಲ್ ಕೊಟ್ಟರೆ ಸಾಕು, ಹಳೇ ಆಟಗಾರರ ಹೆಸರು, ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಅಲ್ಲಿ ಹೊಸದಾಗಿ ನಡೆಯುವುದಕ್ಕೆ ನಡೆಸುವವನೇ ಜವಾಬ್ದಾರ ಎಂದು ಕಾನೂನಿನಲ್ಲೇ ಬರೆದರೆ ಮುಗಿಯಿತು. 'ಸಿಟಿ ಆಫ್ ಹೀರೋಸ್' 2012ರಲ್ಲಿ ನಿಂತಿತ್ತು. ಅಭಿಮಾನಿಗಳು ನಡೆಸುತ್ತಿದ್ದ 'ಹೋಮ್‌ಕಮಿಂಗ್' ಸರ್ವರ್‌ಗೆ 2024ರಲ್ಲಿ ಹಕ್ಕುದಾರ ಕಂಪನಿ ಎನ್‌ಸಿಸಾಫ್ಟ್ ತಾನೇ ಅಧಿಕೃತ ಲೈಸೆನ್ಸ್ ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಖರ್ಚಿನ ವಾದ ಮಾತ್ರ ಗಟ್ಟಿ, ಅದನ್ನು ತಳ್ಳಿಹಾಕುವ ಹಾಗಿಲ್ಲ. ದೊಡ್ಡ ಗೇಮಿನ ಸರ್ವರ್ ಅಂದರೆ ಒಂದು ಪೆಟ್ಟಿಗೆ ಅಲ್ಲ. ಲಾಗಿನ್‌ಗೆ ಒಂದು, ಜೋಡಿ ಹುಡುಕಲು ಒಂದು, ಸಾಮಾನು ಲೆಕ್ಕಕ್ಕೆ ಒಂದು, ಅಂಗಡಿಗೆ ಇನ್ನೊಂದು ಎಂದು ಹತ್ತಾರು ಪ್ರೋಗ್ರಾಂಗಳು ಬಾಡಿಗೆ ಕ್ಲೌಡ್ ಮೇಲೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಮತ್ತು ಅವುಗಳಲ್ಲಿ ಕೆಲವನ್ನು ಬೇರೆ ಕಂಪನಿಗಳಿಂದ ಲೈಸೆನ್ಸ್ ಮೇಲೆ ತಂದಿರುವುದರಿಂದ ಗೇಮ್ ಕಂಪನಿಗೇ ಅವನ್ನು ಹೊರಗೆ ಹಂಚುವ ಹಕ್ಕು ಇರುವುದಿಲ್ಲ. ಹತ್ತು ವರ್ಷದ ಮೇಲೆ, ಬರೆದ ಎಂಜಿನಿಯರ್‌ಗಳೆಲ್ಲ ಕೆಲಸ ಬಿಟ್ಟು ಹೋದ ಮೇಲೆ, ಆ ಗಂಟು ಬಿಡಿಸುವುದು ತಮಾಷೆಯಲ್ಲ.

ಆದರೆ ಇದು ಈಗಾಗಲೇ ಕಟ್ಟಿದ ಗೇಮಿನ ಕಷ್ಟ. ಗೋಡೆ ಏಳುವಾಗಲೇ ಪೈಪ್ ಹಾಕುವುದು ಬೇರೆ, ಗಾರೆ ಬಣ್ಣ ಎಲ್ಲ ಆದ ಮೇಲೆ ಗೋಡೆ ಒಡೆದು ಹಾಕುವುದು ಬೇರೆ. ಚಳವಳಿಯವರೂ ಹಳೇ ಗೇಮ್‌ಗಳಿಗೆ ಹಿಂದಿನ ತಾರೀಖಿನಿಂದ ಕಾನೂನು ಬರುತ್ತದೆ ಎಂದು ಹೇಳುತ್ತಿಲ್ಲ. ಮುಂದೆ ಕಟ್ಟುವವರಿಗೆ ಕೊನೆ ದಿನ ಹೀಗಿರಬೇಕು ಎಂದು ಮೊದಲೇ ಗೊತ್ತಿದ್ದರೆ, ಹೊರಗಿನಿಂದ ಸಾಫ್ಟ್‌ವೇರ್ ತರುವಾಗಲೇ ಹಂಚುವ ಹಕ್ಕಿನ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಸರ್ವರ್ ಸತ್ತರೆ ಒಬ್ಬರೇ ಆಡುವ ಭಾಗ ನಡೆಯುವ ಹಾಗೆ ಬರೆದಿಡುತ್ತಾರೆ. ಸ್ವಲ್ಪ ಖರ್ಚು ಜಾಸ್ತಿ ಆಗುತ್ತದೆ, ಆಗಲಿ. ಈಗ ಆ ಖರ್ಚು ಇಲ್ಲ ಎಂದಲ್ಲ, ಗೇಮ್ ಕಳೆದುಕೊಂಡ ಗಿರಾಕಿ ಹೊರುತ್ತಿದ್ದಾನೆ.

ಸುಮ್ನೆ ಬೈದರೆ ಸಾಕಾಗುತ್ತಿರಲಿಲ್ವಾ?

ಗೇಮರ್‌ಗಳ ಸಿಟ್ಟಿಗೆ ಬೆಲೆ ಇಲ್ಲ ಎನ್ನುವುದು ತಪ್ಪು. 2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಗೇಮ್ ಒಳಗಿನ ಮಾರಾಟದ ಬಗ್ಗೆ ಎದ್ದ ಗಲಾಟೆಯಲ್ಲಿ, ರೆಡಿಟ್ ಎಂಬ ಚರ್ಚಾ ತಾಣದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೊಟ್ಟ ಸಮಜಾಯಿಷಿಗೆ ಆರು ಲಕ್ಷಕ್ಕೂ ಹೆಚ್ಚು ಜನ ವಿರುದ್ಧ ಮತ ಒತ್ತಿದರು. ಬಿಡುಗಡೆಯ ಹೊಸ್ತಿಲಲ್ಲೇ ಕಂಪನಿ ಗೇಮ್ ಒಳಗಿನ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. 2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಡುವ ಪಿಸಿಯವರಿಗೆ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಎಂದು ಸೋನಿ ಹೇಳಿತು. ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ರಿವ್ಯೂ ಬಿದ್ದವು, ಮೂರೇ ದಿನದಲ್ಲಿ ಸೋನಿ ಹಿಂದೆ ಸರಿಯಿತು.

ಈ ಎರಡರಲ್ಲೂ ಗೇಮ್ ಆಗ ಮಾರುಕಟ್ಟೆಯಲ್ಲಿ ಬಿಸಿಬಿಸಿಯಾಗಿತ್ತು. ರಿವ್ಯೂ ಕೆಟ್ಟರೆ ಮಾರಾಟ ಬೀಳುತ್ತದೆ, ರಿಫಂಡ್ ಕೇಳುತ್ತಾರೆ, ನೋವು ಅವತ್ತೇ ಗೊತ್ತಾಗುತ್ತದೆ. ಬಂದ್ ಆಗುವ ಗೇಮಿನಲ್ಲಿ ಇದ್ಯಾವುದೂ ಇಲ್ಲ. ಮಾರಾಟ ಆಗಲೇ ನಿಂತಿರುತ್ತದೆ, ಆಡುವವರು ಕಡಿಮೆ, ರಿಫಂಡ್ ಅವಧಿ ಎಂದೋ ಮುಗಿದಿರುತ್ತದೆ. ಸೋನಿಯ 'ಕಾನ್‌ಕಾರ್ಡ್' 2024ರಲ್ಲಿ ಬಿಡುಗಡೆಯಾದ ಎರಡೇ ವಾರಕ್ಕೆ ಬಂದ್ ಆದಾಗ ಎಲ್ಲರಿಗೂ ಪೂರ್ತಿ ದುಡ್ಡು ವಾಪಸ್ ಬಂತು. ಎರಡು ವಾರಕ್ಕೆ ವಾಪಸ್ ಕೊಡುವುದು ನ್ಯಾಯ, ಹತ್ತು ವರ್ಷಕ್ಕೆ ಬೇಡ ಎಂದೇ ಇಟ್ಟುಕೊಳ್ಳೋಣ. ಎರಡು ವರ್ಷಕ್ಕೆ? ನಾಲ್ಕಕ್ಕೆ? ಯಾರೂ ಗೆರೆ ಎಳೆದಿಲ್ಲ. ಬಹಿಷ್ಕಾರ ಹಾಕಲು ಸರಕೇ ಉಳಿದಿಲ್ಲದಾಗ ಉಳಿಯುವುದು ಕಾನೂನಿನ ಬಾಗಿಲು ಒಂದೇ. ಗೇಮರ್‌ಗಳು ಕಾಮೆಂಟ್ ಬಿಟ್ಟು ಅರ್ಜಿ ಬರೆಯಲು ಕೂತಿದ್ದಕ್ಕೆ ಕಾರಣ ಇದು.

ಮುಂದೆ ಏನಾಗಬಹುದು?

ಸಹಿ ಕೈ ಸೇರಿದ ಆರು ತಿಂಗಳೊಳಗೆ ಯುರೋಪಿಯನ್ ಕಮಿಷನ್ ಉತ್ತರ ಹೇಳಬೇಕು. ಕಾನೂನು ಮಾಡಲೇಬೇಕು ಎಂಬ ಕಟ್ಟುಪಾಡು ಮಾತ್ರ ಅದಕ್ಕಿಲ್ಲ. ಹದಿಮೂರು ಲಕ್ಷ ಸಹಿ ಬಿದ್ದ ಮಾತ್ರಕ್ಕೆ ಗೆದ್ದ ಹಾಗೆ ಎಂದು ಕುಣಿಯುವವರು ಇದನ್ನು ಗಮನಿಸಬೇಕು. ಬ್ರಿಟನ್‌ನಲ್ಲಿ ಒಂದು ಲಕ್ಷ ಸಹಿ ದಾಟಿ 2025ರ ನವೆಂಬರಿನಲ್ಲಿ ಸಂಸತ್ತಿನಲ್ಲಿ ಚರ್ಚೆಯೂ ಆಯಿತು. ಸರ್ಕಾರ ಮಾತ್ರ, ಈಗಿರುವ ಗ್ರಾಹಕ ಕಾನೂನು ಬದಲಿಸುವ ಯೋಚನೆ ಇಲ್ಲ ಎಂದಿತು.

ಪೂರ್ತಿ ಕಾನೂನು ಬಂದರೆ, ಯುರೋಪಿಗೆ ಒಂದು, ಉಳಿದ ಕಡೆಗೆ ಇನ್ನೊಂದು ಎಂದು ಎರಡು ಥರ ಗೇಮ್ ಕಟ್ಟುವುದು ದುಬಾರಿ. ಹಾಗಾಗಿ ಅದರ ಫಲ ಎಲ್ಲರಿಗೂ ಸಿಗುತ್ತದೆ. ಆದರೆ ಕೆಲವು ಕಂಪನಿಗಳು ನಾವು ಮಾರುವುದೇ ಇಲ್ಲ, ತಿಂಗಳ ಬಾಡಿಗೆಗೆ ಕೊಡುತ್ತೇವೆ ಎಂದು ಜಾರಿಕೊಳ್ಳಲು ನೋಡುತ್ತವೆ. ಉಚಿತ ಗೇಮ್ ಮಾಡಿ ಒಳಗೆ ಸಾಮಾನು ಮಾರುವ ದಾರಿಯೂ ಇದೆ. ಮನವಿಯಲ್ಲಿ ಗೇಮ್‌ಗೆಂದು ಮಾರಿದ ಸಾಮಾನುಗಳನ್ನೂ ಸೇರಿಸಿರುವುದು ಈ ಕಳ್ಳದಾರಿ ಮುಚ್ಚುವುದಕ್ಕೇ. ತಿಂಗಳ ಬಾಡಿಗೆಯ ದಾರಿ ಮುಚ್ಚುವುದು ಕಷ್ಟ.

ಹೆಚ್ಚು ಸಾಧ್ಯತೆ ಇರುವುದು ನಡುವಿನ ದಾರಿಗೆ: ಈ ಗೇಮ್ ಕನಿಷ್ಠ ಇಂಥ ತಾರೀಖಿನವರೆಗೆ ನಡೆಯುತ್ತದೆ ಎಂದು ಕೊಳ್ಳುವ ಜಾಗದಲ್ಲೇ ಬರೆಯಬೇಕು ಎನ್ನುವುದು. ಚಳವಳಿಯವರಿಗೆ ಇದು ಸಾಕಾಗಲಿಕ್ಕಿಲ್ಲ. ಆದರೆ ಅಷ್ಟು ಸಣ್ಣ ಬದಲಾವಣೆಗೂ ಬಲ ಇದೆ. 70 ಡಾಲರ್ ಬೆಲೆಯ ಪಕ್ಕದಲ್ಲೇ ಎರಡು ವರ್ಷ ಮಾತ್ರ ಗ್ಯಾರಂಟಿ ಎಂದು ಅಚ್ಚಾಗಿದ್ದರೆ ಎಷ್ಟು ಜನ ಬಟನ್ ಒತ್ತುತ್ತಾರೆ? ಬಿಡುಗಡೆ ದಿನ ಮಾರಾಟ ಬೀಳುವುದಕ್ಕಿಂತ, ಆಫ್‌ಲೈನ್ ದಾರಿಯನ್ನೇ ಬರೆದುಬಿಡೋಣ ಎಂದು ಕಂಪನಿಯ ಲೆಕ್ಕ ನೋಡುವವರೇ ಹೇಳಬಹುದು.

ಏನೂ ಆಗದಿದ್ದರೆ, ಈಗಿನ ಹಾಗೆ ಅಭಿಮಾನಿಗಳೇ ಗತಿ. ದಿ ಕ್ರೂ ಸತ್ತ ಮೇಲೆ ಕೆಲವರು ಕೂತು, ಗೇಮ್ ಸರ್ವರ್ ಜೊತೆ ಆಡುತ್ತಿದ್ದ ಮಾತುಕತೆಯನ್ನು ಬಿಡಿಸಿ, ಸರ್ವರಿನ ಹಾಗೆ ಉತ್ತರ ಕೊಡುವ ತಮ್ಮದೇ ಪ್ರೋಗ್ರಾಂ ಬರೆದರು. 'ದಿ ಕ್ರೂ ಅನ್‌ಲಿಮಿಟೆಡ್' ಎಂಬ ಹೆಸರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಅದು ಹೊರಬಂತು. ಈಗ ಆ ರಸ್ತೆಗಳಲ್ಲಿ ಮತ್ತೆ ಕಾರು ಓಡುತ್ತಿವೆ. ಆದರೆ ಅದಕ್ಕೆ ಮೂಲ ಗೇಮಿನ ಫೈಲ್‌ಗಳು ಬೇಕು. ಅಳಿಸದೆ ಹಾಗೇ ಇಟ್ಟುಕೊಂಡಿದ್ದವರು ಬಚಾವ್. ಜಾಗ ಸಾಲದೆಂದು ಅವತ್ತು ಅಳಿಸಿದ್ದವರಿಗೆ, ಪೂರ್ತಿ ದುಡ್ಡು ಕೊಟ್ಟಿದ್ದರೂ, ಕಂಪನಿಯ ಅಂಗಡಿಯಿಂದ ಅದನ್ನು ಮತ್ತೆ ಇಳಿಸಿಕೊಳ್ಳಲು ಆಗುವುದಿಲ್ಲ.